ಅಳತೆಪಟ್ಟಿಯಲ್ಲಿ ರೋಗಿಯ ಪಾಲು: ಬಸರಾಳು ಹೋಬಳಿಯ ನೆಲೆಯಿಂದ ಕೀಲುವಾತ ಸಂಶೋಧನೆಯ ಪರಿಶೀಲನೆ

ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಹೊಸ ಔಷಧದಿಂದ ಗುಣ ಕಂಡಿತೇ ಎಂಬುದನ್ನು ಸಂಶೋಧಕರು ಕೆಲವು ಅಳತೆಗಳಿಂದ ತೀರ್ಮಾನಿಸುತ್ತಾರೆ. ಆ ಅಳತೆಗಳನ್ನು ಆರಿಸುವವರು ಯಾರು? ಸಂಶೋಧನೆಯಲ್ಲಿ ರೋಗಿಗಳ ಸಹಭಾಗಿತ್ವದ ಚರ್ಚೆ ಈ ಪ್ರಶ್ನೆಯಿಂದಲೇ ಹೊರಡಬೇಕು ಎಂಬುದು ಈ ಲೇಖನದ ವಾದ.

ಪ್ರಯೋಗಗಳಲ್ಲಿ ಏನನ್ನು ಅಳೆಯಬೇಕೆಂದು ಚರ್ಚಿಸುವ ಓಮೆರಾಕ್ಟ್ ಸಭೆಗಳು 1992ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಆರಂಭವಾದವು. 2002ರ ಸಭೆಯಲ್ಲಿ 11 ಮಂದಿ ರೋಗಿಗಳು ಮೊದಲ ಸಲ ಭಾಗವಹಿಸಿದರು. ಅವರು ಒತ್ತಿ ಹೇಳಿದ್ದು ಸುಸ್ತಿನ ಬಗ್ಗೆ. ಆವರೆಗಿನ ಮೂಲ ಅಳತೆಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಅದನ್ನೂ ಅಳೆಯಬೇಕೆಂಬ ಶಿಫಾರಸು ಹೊರಬಿತ್ತು. 2011ರಲ್ಲಿ ಯುರೋಪಿನ ಕೀಲುವಾತ ಸಂಘಟನೆಗಳ ಒಕ್ಕೂಟವಾದ ಯೂಲಾರ್, ಪ್ರತಿ ಸಂಶೋಧನಾ ಯೋಜನೆಯಲ್ಲೂ ಕನಿಷ್ಠ ಇಬ್ಬರು ರೋಗಿಗಳು ಪಾಲುದಾರರಾಗಿರಬೇಕೆಂದು ಸೂಚಿಸಿತು.

ಈ ಹಿನ್ನೆಲೆಯಲ್ಲಿ ಮಂಡ್ಯ ತಾಲೂಕಿನ ಬಸರಾಳು ಹೋಬಳಿಯನ್ನು ನೋಡಬಹುದು. ಕಾಯಿಲೆಯ ತೀವ್ರತೆ ಅಳೆಯಲು ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಡಿಎಎಸ್-28 ಸೂಚ್ಯಂಕ 28 ಕೀಲುಗಳ ನೋವು, ಊತಗಳನ್ನು ಎಣಿಸುತ್ತದೆ. ಎಣಿಕೆ ಸರಳವಾಗಲೆಂದು ಪಾದ, ಕಾಲಗಿಣ್ಣುಗಳನ್ನು ಅದು ಕೈಬಿಟ್ಟಿದೆ. ಹೀಗಾಗಿ ಬಸರಾಳಿನಲ್ಲಿ ಬರಿಗಾಲಲ್ಲಿ ಗದ್ದೆಗಿಳಿಯುವ ಹೆಂಗಸು 'ಕಾಲೂರಕ್ಕಾಗಲ್ಲ' ಎಂದರೂ ಅವಳ ಅಂಕ ತಗ್ಗಿಯೇ ಇರಬಹುದು. ಆ ಸೂಚ್ಯಂಕದಲ್ಲಿ ಅವಳ ಮಾತಿಗಿರುವ ಜಾಗ 100 ಮಿಲಿಮೀಟರ್ ಗೆರೆಯ ಮೇಲೆ ಹಾಕುವ ಒಂದು ಗುರುತು ಮಾತ್ರ.

ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡು 1980ರಲ್ಲಿ ಪ್ರಕಟವಾದ ಎಚ್‌ಎಕ್ಯೂ ಪ್ರಶ್ನಾವಳಿ ದಿನನಿತ್ಯದ ಕೆಲಸಗಳನ್ನು ಕುರಿತು ಕೇಳುತ್ತದೆ. 2002ರಲ್ಲಿ ಪ್ರಕಟವಾದ ಅದರ ಭಾರತೀಯ ರೂಪದಲ್ಲಿ 12 ಪ್ರಶ್ನೆಗಳಿದ್ದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಆಟೋ ಹತ್ತಿ ಇಳಿಯುವುದು ಸೇರಿವೆ. ಬಸರಾಳಿನ ಕಡೆ ಪಟ್ಟಿ ಇನ್ನೂ ಬದಲಾಗಬೇಕಾದೀತು. ಮುದ್ದೆಗೆ ಹಿಟ್ಟು ತಿರುವಲು ಎರಡೂ ಮಣಿಕಟ್ಟುಗಳಲ್ಲಿ ಕಸುವು ಬೇಕು. ಕೀಲು ಬಿಗಿಯುವುದು ಹೆಚ್ಚಾಗಿ ಬೆಳಗಿನ ಹೊತ್ತು. ಹಾಲು ಕರೆದು ಡೇರಿಗೆ ಹಾಕಬೇಕಾದದ್ದೂ ಅದೇ ಹೊತ್ತು. ಬೆಳಗಿನ ಬಿಗಿತ ಎಷ್ಟು ನಿಮಿಷ ಇತ್ತು ಎಂಬುದಕ್ಕಿಂತ ಕರೆಯುವ ಹೊತ್ತಿಗೆ ಬೆರಳು ಮಡಿಸಲು ಬಂತೇ ಎಂಬ ಪ್ರಶ್ನೆ ಅಲ್ಲಿ ಹೆಚ್ಚು ಹೇಳಬಲ್ಲದು.

ನಮ್ಮ ಕಾನೂನು ರೋಗಿಯನ್ನು ರಕ್ಷಿಸುತ್ತದೆ, ಆದರೆ ಪ್ರಶ್ನೆ ರೂಪಿಸಲು ಕರೆಯುವುದಿಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಂತೆ ನೈತಿಕ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿದ್ದು, ಅವರಲ್ಲಿ ಒಬ್ಬರು ಜನಸಾಮಾನ್ಯರಾಗಿರಬೇಕು. ಆ ಜನಸಾಮಾನ್ಯರು ರೋಗಿಯೇ ಆಗಿರಬೇಕೆಂದಿಲ್ಲ. ಜೊತೆಗೆ, ಸಮಿತಿಯ ಮುಂದೆ ಬರುವ ವೇಳೆಗೆ ಅಳತೆಗಳು ನಿಗದಿಯಾಗಿರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸಮುದಾಯವನ್ನು ತೊಡಗಿಸಿಕೊಳ್ಳಲು ಹೇಳುತ್ತದೆ. ಆ ತೊಡಗಿಸಿಕೊಳ್ಳುವಿಕೆಯನ್ನು ಸಂಶೋಧನಾ ಯೋಜನೆಯ ಕರಡು ಬರೆಯುವ ಹಂತಕ್ಕೇ ತರುವುದು ಮುಂದಿನ ಕೆಲಸ.

ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಜಿಲ್ಲಾ ಮಟ್ಟದ ಬೋಧನಾಸ್ಪತ್ರೆಯಲ್ಲಿ ಇದು ಸಾಧ್ಯ. ಓದುಬರಹ ಬಾರದವರೂ ಮಾತಾಡುವಂತೆ ರೋಗಿಗಳೊಡನೆ ನಡೆಸುವ ಸಭೆ ಬಾಯಿಮಾತಿನಲ್ಲೇ ನಡೆಯಬೇಕು. ಬಸ್ ಚಾರ್ಜು, ತಪ್ಪಿದ ಕೂಲಿ ಎರಡನ್ನೂ ಯೋಜನೆಯೇ ಭರಿಸಬೇಕು. ಆಸ್ಪತ್ರೆಯವರೆಗೆ ಬಾರದವರನ್ನು ತಲುಪಲು ಆಶಾ ಕಾರ್ಯಕರ್ತೆಯರ ನೆರವು ಪಡೆಯಬಹುದು.

ಇದರಿಂದ ವಿಜ್ಞಾನದ ಬಿಗಿ ಸಡಿಲವಾದೀತೆಂಬ ಆತಂಕಕ್ಕೆ ಕಾರಣವಿಲ್ಲ. ಯಾರಿಗೆ ಯಾವ ಔಷಧ ಎಂಬ ಯಾದೃಚ್ಛಿಕ ಹಂಚಿಕೆ, ಅಂಕಿಅಂಶಗಳ ವಿಶ್ಲೇಷಣೆ ತಜ್ಞರ ಕೈಯಲ್ಲೇ ಉಳಿಯುತ್ತವೆ. ರೋಗಿಗಳು ಸೂಚಿಸಿದ ಅಳತೆಯನ್ನು ಹಳೆಯ ಅಳತೆಯ ಜೊತೆಗಿಟ್ಟೇ ಪರೀಕ್ಷಿಸಬೇಕು: ಮತ್ತೆ ಕೇಳಿದಾಗ ಅದೇ ಉತ್ತರ ಬರುತ್ತದೆಯೇ, ಕಾಯಿಲೆ ಏರಿಳಿದಂತೆ ಅಂಕವೂ ಏರಿಳಿಯುತ್ತದೆಯೇ? ಈ ಪರೀಕ್ಷೆಯಲ್ಲಿ ನಿಲ್ಲದಿದ್ದರೆ, ರೋಗಿಗಳೇ ಹೇಳಿದ್ದೆಂಬ ಕಾರಣಕ್ಕೆ ಅದನ್ನು ಉಳಿಸಿಕೊಳ್ಳಬೇಕಿಲ್ಲ.