ಗಾಂಧೀಜಿಯವರ ಆರೋಗ್ಯ ಸುಧಾರಣೆ: ಪುಣೆಯ ಸೆರೆವಾಸದಿಂದ ಉರುಳಿ ಕಾಂಚನದವರೆಗೆ

ಪುಣೆಯ ಪೂರ್ವಕ್ಕೆ ಮುಳಾ-ಮುಠಾ ನದಿಯ ದಡದಲ್ಲಿರುವ ಖರಾಡಿಯಿಂದ ನಗರ ರಸ್ತೆಯಲ್ಲಿ ಊರಿನ ಕಡೆಗೆ ಬರುವವರಿಗೆ ಆಗಾಖಾನ್ ಅರಮನೆ ಎದುರಾಗುತ್ತದೆ. ಖರಾಡಿಯ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಅದು ಕಸ್ತೂರಬಾ ಹಾಗೂ ಮಹಾದೇವ ದೇಸಾಯಿಯವರ ಸಮಾಧಿಸ್ಥಳವೆಂದು ಪರಿಚಿತ. ಭಾರತದ ಆರೋಗ್ಯಚಿಂತನೆಯ ಇತಿಹಾಸದಲ್ಲಿಯೂ ಆ ಕಟ್ಟಡಕ್ಕೆ ಸ್ಥಾನವುಂಟು. ಅಲ್ಲಿ ಬಂಧಿತರಾಗಿದ್ದ ಗಾಂಧೀಜಿಯವರು 1942ರ ಆಗಸ್ಟ್ 28ರಿಂದ ಡಿಸೆಂಬರ್ 18ರವರೆಗೆ ‘ಆರೋಗ್ಯದ ಕೀಲಿಕೈ’ ಎಂಬ ಕಿರುಪುಸ್ತಕವನ್ನು ಗುಜರಾತಿಯಲ್ಲಿ ಬರೆದರು. ಆಹಾರ, ಗಾಳಿ, ನೀರು, ಮಣ್ಣು, ಬಿಸಿಲುಗಳೇ ಅದರ ವಿಷಯ.

ಈ ವಿಚಾರದಲ್ಲಿ ಅವರ ನಡೆ ಸರಳರೇಖೆಯದಲ್ಲ. 1909ರ ‘ಹಿಂದ್ ಸ್ವರಾಜ್’ನಲ್ಲಿ ವೈದ್ಯರನ್ನೂ ಆಸ್ಪತ್ರೆಗಳನ್ನೂ ಕಟುವಾಗಿ ಖಂಡಿಸಿದ್ದವರು, 1924ರ ಜನವರಿ 12ರ ರಾತ್ರಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಅವರಿಂದ ಅಪೆಂಡಿಸೈಟಿಸ್ ಶಸ್ತ್ರಕ್ರಿಯೆಗೆ ಒಳಗಾದರು. 1927ರಲ್ಲಿ ರಕ್ತದೊತ್ತಡದಿಂದ ಬಳಲಿದಾಗ ನಂದಿಬೆಟ್ಟದ ಗಾಳಿಯನ್ನೂ ವಿಶ್ರಾಂತಿಯನ್ನೂ ಆಶ್ರಯಿಸಿದರು. 1944ರ ಫೆಬ್ರವರಿಯಲ್ಲಿ ಕಸ್ತೂರಬಾ ಮರಣಶಯ್ಯೆಯಲ್ಲಿದ್ದಾಗ, ವಿಮಾನದಲ್ಲಿ ತರಿಸಿದ್ದ ಪೆನಿಸಿಲಿನ್ನಿನ ಚುಚ್ಚುಮದ್ದನ್ನು ಕೊಡಿಸಲು ಒಪ್ಪಲಿಲ್ಲ. ಈ ನಿರ್ಧಾರ ಇಂದಿಗೂ ಚರ್ಚಾಸ್ಪದವಾಗಿದೆ.

ಆದರೆ ಅವರ ಸುಧಾರಣೆಯ ತಿರುಳು ಮದ್ದಿನ ನಿರಾಕರಣೆಯಲ್ಲಿಲ್ಲ. ಬಡವನಿಗೆ ಯಾವುದು ಎಟುಕೀತು ಎಂಬ ಪ್ರಶ್ನೆಯಲ್ಲಿದೆ. ಪುಣೆಯಲ್ಲಿ ಡಾ. ದಿನ್ಶಾ ಮೆಹತಾ ಅವರ ನಿಸರ್ಗೋಪಚಾರ ಚಿಕಿತ್ಸಾಲಯವನ್ನು ಬಡವರಿಗಾಗಿ ನಡೆಸುವ ಯೋಜನೆಯನ್ನು ಅವರು ಮೊದಲು ಕೈಗೊಂಡರು. ಹಳ್ಳಿಯ ಬಡವರನ್ನು ನಗರಕ್ಕೆ ಕರೆಯುವುದೇ ತಪ್ಪೆಂದು ಬೇಗನೆ ಮನಗಂಡು, 1946ರ ಮಾರ್ಚಿಯಲ್ಲಿ ಉರುಳಿ ಕಾಂಚನಕ್ಕೆ ತೆರಳಿದರು. ಪುಣೆಯಿಂದ ಸೊಲ್ಲಾಪುರದ ಮೂಲಕ ಕಲಬುರ್ಗಿ, ರಾಯಚೂರುಗಳಿಗೆ ಹೋಗುವ ರೈಲುದಾರಿಯ ಮೇಲಿನ ಹಳ್ಳಿಯಿದು. ಅಲ್ಲಿ ರೋಗಿಗಳನ್ನು ನೋಡಿ, ಸ್ನಾನ, ಪಥ್ಯ, ಸ್ವಚ್ಛತೆ, ರಾಮನಾಮಗಳನ್ನು ಬೋಧಿಸಿದರು. ಅವರು ಹೊರಟ ಮೇಲೆ ಆಶ್ರಮದ ಹೊಣೆಯನ್ನು ಹೊತ್ತ ಮಣಿಭಾಯಿ ದೇಸಾಯಿಯವರು ಅಲ್ಲಿಯೇ ನೆಲೆನಿಂತರು. ಗೋಪಾಲನೆ, ಕೃಷಿಗಳನ್ನೂ ಗ್ರಾಮಸ್ವಾಸ್ಥ್ಯದ ಅಂಗವಾಗಿ ಬೆಳೆಸಿ, 1967ರಲ್ಲಿ ಭಾರತೀಯ ಕೃಷಿ ಉದ್ಯೋಗ ಪ್ರತಿಷ್ಠಾನವನ್ನು ಸ್ಥಾಪಿಸಿದರು.

ಅದೇ 1946ರಲ್ಲಿ ಸರ್ ಜೋಸೆಫ್ ಭೋರ್ ಸಮಿತಿಯ ವರದಿ ಹೊರಬಂದಿತು. ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂಬುದು ಅದರ ಮೂಲತತ್ತ್ವ. ಮೊದಲ ಹಂತದಲ್ಲಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯಕೇಂದ್ರವನ್ನು ಅದು ಸೂಚಿಸಿತು. ಒಂದು ಮಾರ್ಗ ವ್ಯಕ್ತಿಯ ಸಂಯಮವನ್ನೂ, ಇನ್ನೊಂದು ಸರಕಾರದ ಬೊಕ್ಕಸವನ್ನೂ ನೆಚ್ಚಿತ್ತು. ಸಿಡುಬು, ಮಲೇರಿಯಾ, ಕ್ಷಯ, ಕಷ್ಟಪ್ರಸವಗಳ ಮುಂದೆ ಮಣ್ಣುನೀರಿನ ಉಪಚಾರ ಸಾಲದು. ಲಸಿಕೆ, ಔಷಧ, ತರಬೇತಾದ ಸಿಬ್ಬಂದಿ ಬೇಕೇ ಬೇಕು. ಇಲ್ಲಿ ಸಮಿತಿಯ ಮಾರ್ಗವೇ ಸರಿಯೆಂದು ಕಾಲ ತೋರಿಸಿಕೊಟ್ಟಿತು. ಆದರೆ 1952ರಿಂದ ಕೇಂದ್ರಗಳು ಏಳತೊಡಗಿದ ಮೇಲೂ, ನಗರವನ್ನು ಬಿಟ್ಟು ಹಳ್ಳಿಯಲ್ಲಿ ನಿಲ್ಲುವ ವೈದ್ಯರ ಕೊರತೆ ನೀಗಲಿಲ್ಲ. ಕಟ್ಟಡವನ್ನು ವರದಿಯಿಂದ ಪಡೆಯಬಹುದು. ಅದರಲ್ಲಿ ನೆಲೆನಿಲ್ಲುವ ಮನುಷ್ಯನನ್ನು ಪಡೆಯುವುದು ಹೇಗೆಂಬ ಪ್ರಶ್ನೆಯನ್ನು ಉರುಳಿ ಕಾಂಚನ ಉಳಿಸಿಕೊಟ್ಟಿದೆ.