ಡೆಲ್ಕೋ, ಒದ್ದೆ ಬಟ್ಟೆ ಮತ್ತು ಫಿಯಟ್ ಕಾರಿನ ಕಾಯಿಲೆಗಳು

"ಹಳೇ ಕಾರುಗಳು ಅಂದ್ರೆ ಗಟ್ಟಿ ಕಬ್ಬಿಣ ಕಣ್ರೀ, ಈಗಿನವೆಲ್ಲ ಬರೀ ತಗಡು" ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಮದುವೆ ಮನೆ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೇಳುವ ಮಾತು ಇದು. ತಗಡಿನ ದಪ್ಪದ ಲೆಕ್ಕದಲ್ಲಿ ನಿಜವಿರಬಹುದು. ಆದರೆ ದಾರಿಯಲ್ಲಿ ಕೆಟ್ಟು ನಿಲ್ಲುವ ಲೆಕ್ಕ ಹಿಡಿದರೆ ಶುದ್ಧ ಸುಳ್ಳು. ಅಂಬಾಸಿಡರ್ ಇರಲಿ ಫಿಯಟ್ ಇರಲಿ, ಈಗಿನ ಸಣ್ಣ ಕಾರುಗಳಿಗಿಂತ ಹೆಚ್ಚು ಸಲ ಕೈಕೊಡುತ್ತಿದ್ದವು. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಏನು ಕೆಟ್ಟಿದೆ ಅಂತ ರಸ್ತೆ ಬದಿಯಲ್ಲೇ ಒಂದು ಸ್ಕ್ರೂಡ್ರೈವರ್ ಹಿಡಿದು ಪತ್ತೆ ಮಾಡಬಹುದಿತ್ತು, ಮತ್ತು ಪತ್ತೆ ಮಾಡಬಲ್ಲವರು ಊರೂರಲ್ಲೂ ಇದ್ದರು. ಹಾಗಾಗಲು ಕಾರಣ ಕಾರಿನ ಒಳಗೆ ಎಷ್ಟಿತ್ತೋ ದೆಹಲಿಯ ಕಡತಗಳಲ್ಲೂ ಅಷ್ಟೇ ಇತ್ತು ಅಂತ ನನಗನ್ನಿಸುತ್ತೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಭಾರತದಲ್ಲಿ ಕಾರು ತಯಾರಾಗಬೇಕು ಅಂತ ಯೋಜನೆ ಹಾಕಿ, ಅಮೆರಿಕ ಯುರೋಪುಗಳ ಕಾರ್ಖಾನೆಗಳನ್ನ ನೋಡಿ ಬಂದಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನು ಹತ್ತಿದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಹಾಕುವ ಪ್ರಯತ್ನವೂ ನಡೆಯಿತು, ಬ್ರಿಟಿಷ್ ಸರ್ಕಾರ ಸೊಪ್ಪು ಹಾಕಲಿಲ್ಲ. ಕಡೆಗೆ ವಾಲ್‌ಚಂದರಿಂದ ಬೆಂಗಳೂರಿಗೆ ದಕ್ಕಿದ್ದು 1940ರ ವಿಮಾನ ಕಾರ್ಖಾನೆ, ಅಂದರೆ ಇವತ್ತಿನ ಎಚ್‌ಎಎಲ್. ಕಾರು ಮುಂಬೈ ಪಾಲಾಯಿತು. ಅದೇ 1944ರಲ್ಲಿ ಹುಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್. ಮೊದಮೊದಲು ಡಾಡ್ಜ್, ಪ್ಲಿಮತ್ ಥರದ ಅಮೆರಿಕದ ಗಾಡಿಗಳನ್ನ ಜೋಡಿಸುತ್ತಿದ್ದವರು 1950ರ ದಶಕದಲ್ಲಿ ಇಟಲಿಯ ಫಿಯಟ್ 1100ಕ್ಕೆ ಬಂದರು.

ಆ 1100ರ ಹೊಸ ಮಾದರಿ ಜಿನೀವಾದ ಪ್ರದರ್ಶನದಲ್ಲಿ ಕಾಣಿಸಿಕೊಂಡದ್ದು 1953ರಲ್ಲಿ. ಅದರದೇ ಮುಂದಿನ ರೂಪ 1964ರಲ್ಲಿ ನಮ್ಮಲ್ಲಿ 'ಡಿಲೈಟ್' ಆಯಿತು. 1970ರ ದಶಕದ ಮೊದಲ ವರ್ಷಗಳಲ್ಲಿ ಫಿಯಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ ಹೆಸರು 'ಪ್ರೆಸಿಡೆಂಟ್' ಆಗಿ, 1974ರಲ್ಲಿ 'ಪದ್ಮಿನಿ' ಆಯಿತು. ಹೆಸರು ಬದಲಾಯಿತು ಅಷ್ಟೇ, ಒಳಗೆ ಅದೇ 1089 ಸಿಸಿ ಎಂಜಿನ್. ಇಪ್ಪತ್ತನೇ ಶತಮಾನ ಮುಗಿಯುವ ತನಕ ಆ ಕಾರು ತಯಾರಾಗುತ್ತಲೇ ಇತ್ತು. (ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಿಡರ್‌ನ ಕಥೆ ಇನ್ನೂ ಉದ್ದ. 1957ರಿಂದ 2014!)

ಯಾಕೆ ಹೀಗೆ ಹೆಪ್ಪುಗಟ್ಟಿತು? 50ರ ದಶಕದಲ್ಲೇ ವಿದೇಶಿ ಕಾರುಗಳ ಆಮದಿಗೆ ಬಾಗಿಲು ಹಾಕಿದ್ದರು. ಜನರಲ್ ಮೋಟಾರ್ಸ್, ಫೋರ್ಡ್ ಗಂಟು ಮೂಟೆ ಕಟ್ಟಿಕೊಂಡು ಹೋಗಿದ್ದವು. ಹೊಸ ಮಾದರಿ ತರಬೇಕಂದ್ರೆ ಲೈಸೆನ್ಸು, ಯಂತ್ರ ತರಿಸಬೇಕಂದ್ರೆ ವಿದೇಶಿ ವಿನಿಮಯದ ಪರದಾಟ. 1969ರಲ್ಲಿ ಸರ್ಕಾರ ಕಾರಿನ ಬೆಲೆಯನ್ನೂ ಕಾನೂನಿನಿಂದ ಕಟ್ಟಿತು, ಜಗಳ ಸುಪ್ರೀಂ ಕೋರ್ಟ್ ಹತ್ತಿತು. ಇನ್ನು ಮಾರಾಟದ ಚಿಂತೆ? ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದಾಗ ಅದೆಲ್ಲಿ ಬಂತು ಚಿಂತೆ! ಕಾರುಗಳ ಗುಣಮಟ್ಟ ಯಾಕೆ ಹೀಗಿದೆ ಅಂತ ವಿಚಾರಿಸೋಕೆ 60ರ ದಶಕದಲ್ಲಿ ಸರ್ಕಾರ ಒಂದು ಸಮಿತಿಯನ್ನೇ ಕೂರಿಸಬೇಕಾಯಿತು ಅಂದ್ರೆ ನೋಡಿ.

ಕೊಳ್ಳುವವನಿಗೆ ಇದು ಶಾಪ. ಆದರೆ ಅದರ ಇನ್ನೊಂದು ಮಗ್ಗುಲೂ ಇತ್ತು. ಒಂದೇ ಕಾರು ಮೂವತ್ತೈದು ವರ್ಷ ಬದಲಾಗದೇ ಇದ್ದರೆ ಅದರ ಕಾಯಿಲೆಗಳೂ ಬದಲಾಗುವುದಿಲ್ಲ. ಮೈಸೂರಿನ ಮೆಕ್ಯಾನಿಕ್ ಕಲಿತದ್ದು ಕಾರವಾರದಲ್ಲೂ ನಡೆಯುತ್ತೆ. ಅಪ್ಪನ ಕಾಲದ ಪಾರ್ಟು ಮಗನ ಕಾಲಕ್ಕೂ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗುತ್ತೆ. ನಮ್ಮ ಮನೆಯ 1986ರ ಪದ್ಮಿನಿ ಇನ್ನೂ ಓಡುತ್ತಿರುವುದು ಈ ಪುಣ್ಯದಿಂದಲೇ. ಹಾಗಾಗಿ ಮುಂದಿನ ಉದಾಹರಣೆಗಳೆಲ್ಲ ಅದರವೇ.

ಶಿರಾಡಿ ಘಾಟಿಯನ್ನೇ ತಗೊಳ್ಳಿ. ಏಪ್ರಿಲ್ ಬಿಸಿಲು, ಕಾರಿನ ತುಂಬ ಜನ, ಗುಂಡ್ಯ ದಾಟಿ ಸಕಲೇಶಪುರದ ಕಡೆ ಏರು. ಸೆಕೆಂಡ್ ಗೇರಿನಲ್ಲಿ ಮುಕ್ಕರಿಯುತ್ತಾ ಹೋಗುವ ಫಿಯಟ್ ಎರಡು ಸಲ ಕೆಮ್ಮಿ ನಿಂತುಬಿಡುತ್ತೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತೆ, ಹತ್ತಿಕೊಳ್ಳಲ್ಲ. ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್!

ಇದು ಪೆಟ್ರೋಲ್ ಪಂಪಿನ ಕರಾಮತ್ತು. ಬಂಕಿನದಲ್ಲ, ಎಂಜಿನ್ನಿನ ಪಕ್ಕೆಗೆ ಬೋಲ್ಟ್ ಮಾಡಿರುವ ಪುಟ್ಟ ಪಂಪು. ಗ್ಯಾರೇಜಿನವರು ಇದಕ್ಕೆ 'ಎಸಿ ಪಂಪ್' ಅಂತಾರೆ. ತಂಪು ಮಾಡುವ ಎಸಿ ಅಲ್ಲ, ಅದು ಜನರಲ್ ಮೋಟಾರ್ಸ್‌ನವರ ಒಂದು ಹಳೇ ಬ್ರ್ಯಾಂಡ್. ಒಳಗೊಂದು ರಬ್ಬರಿನಂಥ ಡಯಾಫ್ರಾಮ್ ಮೇಲೆ ಕೆಳಗೆ ಆಡುತ್ತಾ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತೆ. ಎಳೆಯುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತೆ, ಒತ್ತಡ ಇಳಿದರೆ ಪೆಟ್ರೋಲ್ ಕಡಿಮೆ ಬಿಸಿಗೇ ಕುದಿಯುತ್ತೆ. ಕಾದ ಎಂಜಿನ್ನಿಗೆ ಅಂಟಿಕೊಂಡೇ ಇರುವ ಪಂಪಿನೊಳಗೆ ಆವಿ ತುಂಬಿತು ಅಂದ್ರೆ ಡಯಾಫ್ರಾಮ್ ಆವಿಯನ್ನ ಅಮುಕುತ್ತಾ ಕೂರುತ್ತೆ, ಕಾರ್ಬ್ಯುರೇಟರ್‌ಗೆ ಹನಿಯೂ ಹೋಗಲ್ಲ. ಇದೇ ವೇಪರ್ ಲಾಕ್. ಪರಿಹಾರ ಎಲ್ಲರಿಗೂ ಗೊತ್ತಿತ್ತು: ಒದ್ದೆ ಬಟ್ಟೆ. ಪಂಪಿನ ಮೇಲೆ ಹಾಕಿದರೆ ಆವಿ ತಣಿದು ಮತ್ತೆ ದ್ರವವಾಗುತ್ತೆ. ಬೇಸಿಗೆಯಿಡೀ ಬಾನೆಟ್ಟಿನೊಳಗೆ ಹಳೇ ಟವೆಲ್ಲೊಂದನ್ನ ಕಟ್ಟಿಕೊಂಡೇ ಓಡಾಡುತ್ತಿದ್ದವರೂ ಇದ್ದರು :)

ತಮಾಷೆ ಇರುವುದು ಇಲ್ಲಿ. ಇದೇ ಲಕ್ಷಣ ತೋರಿಸುವ ಇನ್ನೊಂದು ಕಾಯಿಲೆ ಇದೆ. ಬಿಸಿಯಾದಾಗ ನಿಂತು ತಣ್ಣಗಾದಾಗ ಹೊರಡುವುದು ಕಂಡೆನ್ಸರ್ ಅಥವಾ ಕಾಯಿಲ್ ಕೆಟ್ಟಾಗಲೂ ಆಗುತ್ತೆ. ಒಂದು ಪೆಟ್ರೋಲಿನ ಕಡೆಯದು, ಇನ್ನೊಂದು ಕರೆಂಟಿನ ಕಡೆಯದು. ಇದನ್ನ ಬಿಡಿಸಿ ನೋಡದೆ ಕಾಯಿಲ್, ಪ್ಲಗ್, ಪಂಪ್ ಅಂತ ಒಂದೊಂದಾಗಿ ಬದಲಾಯಿಸಿ ದುಡ್ಡು ಕಳೆದವರು ಎಷ್ಟೋ ಜನ. ಬಿಡಿಸಿ ನೋಡೋದು ಎರಡೇ ನಿಮಿಷದ ಕೆಲಸ. ನಿಂತ ತಕ್ಷಣ, ಇನ್ನೂ ಬಿಸಿ ಇರುವಾಗಲೇ, ಒಂದು ಪ್ಲಗ್ಗಿನ ವೈರ್ ಕಿತ್ತು ಅದರ ತುದಿಯನ್ನ ಎಂಜಿನ್ನಿನ ಲೋಹಕ್ಕೆ ಐದಾರು ಮಿಲಿಮೀಟರ್ ದೂರ ಹಿಡಿದು (ಒಣ ಬಟ್ಟೆಯಲ್ಲಿ, ಇಲ್ಲದಿದ್ದರೆ ಹೊಡೆಸಿಕೊಳ್ತೀರಿ) ಸೆಲ್ಫ್ ಹೊಡೆಸಬೇಕು. ಚಟಚಟ ಅಂತ ನೀಲಿ ಕಿಡಿ ಹಾರಿದರೆ ಕರೆಂಟು ಸರಿಯಿದೆ. ಹಳದಿ ಬಣ್ಣದ ಸೊರಗಿದ ಕಿಡಿ ಬಂದರೆ, ಅಥವಾ ಬರದೇ ಇದ್ದರೆ, ಒದ್ದೆ ಬಟ್ಟೆಯಿಂದ ಏನೂ ಆಗಲ್ಲ. ಕಿಡಿ ಸರಿಯಿದ್ದರೆ ಕಾರ್ಬ್ಯುರೇಟರ್‌ಗೆ ಬರುವ ಪೈಪ್ ಬಿಚ್ಚಿ ಒಂದು ಬಾಟಲಿಯೊಳಗೆ ಬಿಟ್ಟು ಮತ್ತೆ ಸೆಲ್ಫ್. ಪಂಪ್ ಚೆನ್ನಾಗಿದ್ದರೆ ಪಿಚಕಾರಿ ಥರ ತಡೆತಡೆದು ಚಿಮ್ಮುತ್ತೆ. ಈ ಪರೀಕ್ಷೆಗೆ ಮುಂಚೆ ಕಾಯಿಲ್ಲಿನ ವೈರ್ ಬಿಚ್ಚಿಡೋದನ್ನ ಮಾತ್ರ ಮರೀಬೇಡಿ. ಪೆಟ್ರೋಲೂ ಕಿಡಿಯೂ ಒಟ್ಟಿಗೆ ಬೇಡ.

ಕಿಡಿಯ ವಿಷಯ ಬಂತಲ್ಲ, 'ಡೆಲ್ಕೋ' ಬಗ್ಗೆ ಹೇಳಲೇಬೇಕು. ನಮ್ಮ ಮೆಕ್ಯಾನಿಕ್‌ಗಳು ಡಿಸ್ಟ್ರಿಬ್ಯೂಟರ್ ಅನ್ನಲ್ಲ, ಡೆಲ್ಕೋ ಅಂತಾರೆ. ಇದು ಅಮೆರಿಕದ ಓಹಾಯೋದಲ್ಲಿ ಚಾರ್ಲ್ಸ್ ಕೆಟರಿಂಗ್ ಕಟ್ಟಿದ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯ ಮೊದಲಕ್ಷರಗಳ ಹೆಸರು. ಬ್ಯಾಟರಿ, ಕಾಯಿಲ್, ಪಾಯಿಂಟ್ ಇರುವ ಈ ಏರ್ಪಾಡು ಆತನದೇ, 1912ರ ಕ್ಯಾಡಿಲಾಕ್ ಕಾರಿಗೆ ಬಂದ ಎಲೆಕ್ಟ್ರಿಕ್ 'ಸೆಲ್ಫ್' ಕೂಡ ಆತನದೇ. ಕಂಪನಿ ಆಮೇಲೆ ಜನರಲ್ ಮೋಟಾರ್ಸ್ ಪಾಲಾಯಿತು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬೈನಲ್ಲಿ ಕಾರು ಜೋಡಿಸಲು ಶುರು ಮಾಡಿತ್ತು. ಆ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡವರ ಬಾಯಿಂದ ಈ ಪದ ಗ್ಯಾರೇಜಿಗೆ ಇಳಿದಿರಬೇಕು. ಕಂಪನಿ ಊರು ಬಿಟ್ಟರೂ ಪದ ಇಲ್ಲೇ ಉಳಿಯಿತು, ಇಟಲಿಯ ಕಾರಿನೊಳಗೂ ಹೊಕ್ಕಿತು. ಬದಲಿ ಚಕ್ರಕ್ಕೆ ನಾವು 'ಸ್ಟೆಪ್ನಿ' ಅನ್ನೋದು ವೇಲ್ಸ್ ದೇಶದ ಲನೆಲಿ ಊರಿನ ಸ್ಟೆಪ್ನಿ ಬೀದಿಯಿಂದ ಬಂತಲ್ಲ, ಹಾಗೇ.

ಡೆಲ್ಕೋ ಒಳಗಿನ ಪಾಯಿಂಟ್ ಅಂದರೆ ಒಂದು ಪುಟ್ಟ ಸ್ವಿಚ್ಚು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತೆ. ಸವೆಯದೇ ಇರುತ್ತಾ? ಅದರ ಫೈಬರ್ ಹಿಮ್ಮಡಿ ತೇದಂತೆ ಸಂದು ಚಿಕ್ಕದಾಗುತ್ತೆ, ಪಾಯಿಂಟ್ ತಡವಾಗಿ ತೆರೆಯುತ್ತೆ, ಕಿಡಿ ತಡವಾಗುತ್ತೆ. ಆಗ ಪಿಕಪ್ ಇರಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಎಂಜಿನ್ ಕಾಯುತ್ತೆ. ಅಂದರೆ ಘಾಟಿಯಲ್ಲಿ ಪಂಪು ಕೈಕೊಡಲು ಮೂಲ ಕಾರಣ ಎಷ್ಟೋ ಸಲ ಈ ಅರ್ಧ ಮಿಲಿಮೀಟರ್ ಕೂಡ ಇಲ್ಲದ ಸಂದು! ಫೀಲರ್ ಗೇಜ್ ಇಲ್ಲದವರು ಹ್ಯಾಕ್ಸಾ ಬ್ಲೇಡ್, ವಿಸಿಟಿಂಗ್ ಕಾರ್ಡ್ ತೂರಿಸಿ ಅಳತೆ ಮಾಡುತ್ತಿದ್ದರು. ಒಪ್ಪುವ ವಿಧಾನ ಅಲ್ಲ, ಆದರೆ ಕಾರು ಮನೆ ಮುಟ್ಟುತ್ತಿತ್ತು.

ಎಂಜಿನ್ 'ಮಿಸ್ಸಿಂಗ್' ಹೊಡೆಯುತ್ತಿದ್ದರೆ ಪ್ಲಗ್ಗಿನ ವೈರುಗಳನ್ನ ಒಂದೊಂದಾಗಿ ಕೀಳುತ್ತಾ ಹೋಗೋದು. ಯಾವುದನ್ನ ಕಿತ್ತಾಗ ಸದ್ದು ಬದಲಾಗಲ್ಲವೋ ಆ ಸಿಲಿಂಡರ್ ಮೊದಲೇ ಮಲಗಿದೆ ಅಂತ ಲೆಕ್ಕ. ಆಮೇಲೆ ಆ ಪ್ಲಗ್ ಬಿಚ್ಚಿ ಮುಖ ನೋಡೋದು. ಕಾಫಿ ಬಣ್ಣ ಇದ್ದರೆ ಆರೋಗ್ಯ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಚೋಕ್ ಅಂಟಿಕೊಂಡಿರಬಹುದು. ಜಿಡ್ಡು ಜಿಡ್ಡು ಕರಿ ಇದ್ದರೆ ಆಯಿಲ್ ಏರುತ್ತಿದೆ, ರಿಂಗೋ ವಾಲ್ವ್ ಗೈಡೋ ಸವೆದಿದೆ, ಸೈಲೆನ್ಸರಿನಿಂದ ನೀಲಿ ಹೊಗೆಯೂ ಬರುತ್ತಿರುತ್ತೆ. ಸುಣ್ಣ ಬಳಿದಂತೆ ಬಿಳಿ ಇದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಅಂದ ಹಾಗೆ ಈ ಪ್ಲಗ್ಗುಗಳಲ್ಲಿ ಬಹಳಷ್ಟು ನಮ್ಮ ಬೆಂಗಳೂರಿನವೇ. 1951ರಲ್ಲಿ ಶುರುವಾದ ಮೈಕೋ ಕಂಪನಿಯವು. 2008ರಲ್ಲಿ ಕಂಪನಿ ಬಾಷ್ ಅಂತ ಹೆಸರು ಬದಲಿಸಿತು, ಆಡುಗೋಡಿಯ ಕಡೆಯವರ ಬಾಯಲ್ಲಿ ಇನ್ನೂ ಮೈಕೋನೇ.

ರೇಡಿಯೇಟರ್ ಕಾಯಿಲೆಗೆ ಮಾತ್ರ ಕಾರಿಗಿಂತ ನಮ್ಮ ನೀರು ಕಾರಣ. ಬಯಲುಸೀಮೆಯ ಬೋರ್‌ವೆಲ್ ನೀರು ತುಂಬಿ ತುಂಬಿ ಒಳಗೆ ಸ್ನಾನದ ಹಂಡೆಯಂತೆ ಸುಣ್ಣ ಕಟ್ಟಿಕೊಳ್ಳುತ್ತಿತ್ತು. ಕಾರು ಕಾಯುತ್ತೆ ಅಂತ ಗ್ಯಾರೇಜಿಗೆ ಒಯ್ದರೆ ಥರ್ಮೋಸ್ಟಾಟ್ ಕಿತ್ತು ಬಿಸಾಡುತ್ತಿದ್ದರು. ಅದು ರೋಗ ಬಿಟ್ಟು ರೋಗಿಯ ಥರ್ಮಾಮೀಟರ್ ಒಡೆದ ಹಾಗೆ. ಫಿಯಟ್ಟಿನ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು, ಒಂದೆರಡು ಸಲ ಚೆನ್ನಾಗಿ ಕಾದರೆ ಸೊಟ್ಟಗಾಗುತ್ತೆ. ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತಲೇ. ಅಲ್ಲಿಗೆ ರಸ್ತೆ ಬದಿಯ ವೈದ್ಯ ಮುಗಿಯಿತು. ಬ್ರೇಕಿನದ್ದೂ ಅಷ್ಟೇ. ನಾಲ್ಕೂ ಡ್ರಮ್ ಬ್ರೇಕು, ಒಂದು ಕಡೆಗೆ ಎಳೆಯಿತು ಅಂದರೆ ಚಕ್ರ ಬಿಚ್ಚಿಯೇ ನೋಡಬೇಕು. 'ಎರಡು ಸಲ ಪಂಪ್ ಮಾಡಿದ್ರೆ ಹಿಡಿಯುತ್ತೆ ಬಿಡಿ ಸಾರ್' ಅನ್ನುವವರ ಕಾರು ಹತ್ತಬೇಡಿ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈ ಕೊಟ್ಟಾಗ ಶುರುವಾದದ್ದು ಬೇರೆಯೇ ಕಾಲ. ಬೆಳಿಗ್ಗೆ ಒಂದೇ ಸೆಲ್ಫಿಗೆ ಹೊರಡುವ ಕಾರು! ಜನ ಫಿಯಟ್ ಬಿಟ್ಟು ಅದಕ್ಕೆ ಮುಗಿಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ನಾವು ಬಾನೆಟ್ ಎತ್ತುತ್ತಿದ್ದದ್ದು ಪ್ರೀತಿಯಿಂದಲ್ಲ, ಗತಿಯಿಲ್ಲದೆ. 1999ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಹೊಗೆಗೆ ಕಡಿವಾಣ ಹಾಕಿದ ಮೇಲೆ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು. ಪಂಪು ಟ್ಯಾಂಕಿನೊಳಗೇ ಮುಳುಗಿ ಕೂತು ಎಳೆಯುವ ಬದಲು ತಳ್ಳತೊಡಗಿತು, ವೇಪರ್ ಲಾಕ್ ಬಹುಮಟ್ಟಿಗೆ ಮರೆಯಾಯಿತು. ಪಾಯಿಂಟು, ಕಂಡೆನ್ಸರು ಮ್ಯೂಸಿಯಂ ಸೇರಿದವು. ಈಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತೆ, ಸ್ಕ್ಯಾನರ್ ಚುಚ್ಚಿದರೆ ಒಂದು ಕೋಡ್ ಬರುತ್ತೆ. ಒಳ್ಳೆಯದೇ. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು.

ಹಾಗಂತ ಕಿಡಿ, ಪೆಟ್ರೋಲ್ ಬೇರೆ ಮಾಡಿ ನೋಡುವ ವಿದ್ಯೆ ಬೇಡವಾಯಿತಾ? ಹಳೇ ಕಾರು ಇಟ್ಟುಕೊಂಡವರಿಗೆ ಈಗಲೇ ಹೆಚ್ಚು ಬೇಕು. 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ, ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು. ಎಥನಾಲ್ ಹಳೇ ಕಾಲದ ರಬ್ಬರನ್ನ ಉಬ್ಬಿಸುತ್ತೆ, ಗಾಳಿಯ ತೇವ ಹೀರಿ ಟ್ಯಾಂಕಿಗೆ ತುಕ್ಕು ಹಿಡಿಸುತ್ತೆ. ಅದರಲ್ಲೇ ಆಮ್ಲಜನಕ ಇರುವುದರಿಂದ ಪೆಟ್ರೋಲ್ ಸಾಲದಂತಾಗುತ್ತೆ. ಎಂಪಿಎಫ್‌ಐ ಕಾರು ತಾನೇ ಲೆಕ್ಕ ಸರಿಮಾಡಿಕೊಳ್ಳುತ್ತೆ, ಕಾರ್ಬ್ಯುರೇಟರ್‌ಗೆ ಅದು ಗೊತ್ತಾಗಲ್ಲ. ಹೊಸ ಕಾರಿನ ಹುಡುಗರು ಸ್ಕ್ಯಾನರ್ ಎಲ್ಲಿಗೆ ಚುಚ್ಚೋದು ಅಂತ ಹುಡುಕುತ್ತಾರೆ. ಆದ್ದರಿಂದ ನಿಮ್ಮಲ್ಲಿ ಪದ್ಮಿನಿಯೋ ಹಳೇ ಮಾರುತಿಯೋ ಇದ್ದರೆ ಈ ಬೇಸಿಗೆಗೆ ಮುಂಚೆ ಎರಡು ಕೆಲಸ ಮಾಡಿ. ಒಂದು ಪ್ಲಗ್ ಬಿಚ್ಚಿ ಬಣ್ಣ ನೋಡಿ, ಮೊದಲಿಗಿಂತ ಬೆಳ್ಳಗಿದ್ದರೆ ಕಾರ್ಬ್ಯುರೇಟರ್‌ನ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಬೇಕಾಗುತ್ತೆ. ಆಮೇಲೆ ಪಂಪಿನ ಮೇಲಿನ ಸ್ಕ್ರೂಗಳನ್ನ ಬಿಚ್ಚಿ ಡಯಾಫ್ರಾಮ್ ನೋಡಿ. ಅಂಚು ಉಬ್ಬಿ ಸುಕ್ಕುಗಟ್ಟಿದ್ದರೆ, ಎಥನಾಲ್ ತಡೆಯುವ ಡಯಾಫ್ರಾಮ್ ಬೇಕು ಅಂತ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ ತಗೊಳ್ಳಿ. ಪೈಪುಗಳನ್ನೂ ಅದೇ ದಿನ ಬದಲಾಯಿಸಿಬಿಡಿ.