ಸಾಗರ ಗ್ಲೈಡರ್

ಕಡಲೊಳಗೆ ತಾನೇ ದಾರಿ ಹಿಡಿದು, ತಿಂಗಳುಗಟ್ಟಲೆ ನೀರಿನ ಉಷ್ಣತೆ, ಲವಣಾಂಶ, ಆಮ್ಲಜನಕಗಳನ್ನು ಅಳೆಯುತ್ತ ಸಾಗುವ ಮಾನವರಹಿತ ಯಂತ್ರ. ಟಾರ್ಪಿಡೊ ಆಕಾರ, ಸುಮಾರು ಎರಡು ಮೀಟರ್ ಉದ್ದ, ಎರಡೂ ಬದಿಗೆ ಪುಟ್ಟ ರೆಕ್ಕೆ. ಮುಂದೆ ಸಾಗಲು ಇದಕ್ಕೆ ಪ್ರೊಪೆಲರ್ ಬೇಕಿಲ್ಲ.

ಅದರ ಗುಟ್ಟು ಒಂದಿಷ್ಟು ಎಣ್ಣೆಯಲ್ಲಿದೆ. ಒಡಲೊಳಗಿನ ಎಣ್ಣೆಯನ್ನು ಪಂಪು ಹೊರಗಿನ ಚೀಲಕ್ಕೆ ದೂಡಿದಾಗ ತೂಕ ಇದ್ದಷ್ಟೇ ಇದ್ದು ಗಾತ್ರ ಹಿಗ್ಗುತ್ತದೆ, ಗ್ಲೈಡರ್ ಮೇಲೇಳುತ್ತದೆ. ಎಣ್ಣೆ ಒಳಕ್ಕೆ ಮರಳಿದರೆ ಮುಳುಗುತ್ತದೆ. ಏಳುವಾಗಲೂ ಇಳಿಯುವಾಗಲೂ ರೆಕ್ಕೆಗಳು ನೀರನ್ನು ಓರೆಯಾಗಿ ಸೀಳುವುದರಿಂದ ಗರಗಸದ ಹಲ್ಲಿನಂಥ ಹಾದಿ ಮೂಡುತ್ತದೆ. ಕೆಲವು ಮಾದರಿಗಳು 1,000 ಮೀಟರ್ ಆಳಕ್ಕೆ ಹೋಗಿಬರುತ್ತವೆ. ವೇಗ ಗಂಟೆಗೆ 1 ಕಿ.ಮೀ. ಆಸುಪಾಸು, ಮನುಷ್ಯನ ನಡಿಗೆಗಿಂತಲೂ ಕಡಿಮೆ. ಈ ನಿಧಾನವೇ ಅದರ ಬಲ: ಪಂಪಿಗೆ ಮುಖ್ಯ ಕೆಲಸ ಬೀಳುವುದು ತಿರುವುಗಳಲ್ಲಿ ಮಾತ್ರ, ಹಾಗಾಗಿ ಬ್ಯಾಟರಿ ಬಹುಕಾಲ ಬಾಳುತ್ತದೆ.

ನೀರಿನಡಿಗೆ ಜಿಪಿಎಸ್ ಸಂಕೇತ ತಲುಪದು. ಆದ್ದರಿಂದ ಗ್ಲೈಡರ್ ಆಗಾಗ ಮೇಲೆ ಬಂದು, ಆ್ಯಂಟೆನಾ ನೀರಿನಿಂದಾಚೆ ಚಾಚುವಂತೆ ನಿಂತು, ತಾನಿರುವ ಜಾಗ ಗುರುತಿಸಿಕೊಂಡು, ಅಳತೆಗಳನ್ನು ಉಪಗ್ರಹದ ಮೂಲಕ ದಡಕ್ಕೆ ಕಳಿಸುತ್ತದೆ. ಹೊಸ ಆದೇಶ ಪಡೆದು ಮತ್ತೆ ಮುಳುಗುತ್ತದೆ.

ಎಂಜಿನಿಯರ್ ಡಗ್ ವೆಬ್ ಅವರ ಈ ಯೋಚನೆಯನ್ನು ಸಾಗರವಿಜ್ಞಾನಿ ಹೆನ್ರಿ ಸ್ಟೋಮೆಲ್ 1989ರಲ್ಲಿ ಲೋಕದ ಮುಂದಿಟ್ಟರು. ಗ್ಲೈಡರ್‌ಗಳ ದಂಡು ಕಡಲನ್ನೆಲ್ಲ ಅಳೆಯುವ 2021ರ ಜಗತ್ತನ್ನು ಅವರ ಲೇಖನ ಕಥೆಯಂತೆ ಬಣ್ಣಿಸಿತ್ತು. ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಜೋಶುವಾ ಸ್ಲೋಕಮ್ ಹೆಸರನ್ನು ಮುಂದೆ ಒಂದು ಮಾದರಿಗೇ ಇಡಲಾಯಿತು.

ಯಂತ್ರದ ತಾಕತ್ತು ಲೋಕಕ್ಕೆ ಕಂಡದ್ದು 2009ರಲ್ಲಿ. ರಟ್ಗರ್ಸ್ ವಿಶ್ವವಿದ್ಯಾಲಯದ ‘ಸ್ಕಾರ್ಲೆಟ್ ನೈಟ್’ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ಬಿಟ್ಟು, 221 ದಿನಗಳಲ್ಲಿ ಸುಮಾರು 7,400 ಕಿ.ಮೀ. ಕ್ರಮಿಸಿ ಡಿಸೆಂಬರ್‌ನಲ್ಲಿ ಸ್ಪೇನ್ ಕರಾವಳಿ ಸೇರಿತು. ಅಟ್ಲಾಂಟಿಕ್ ದಾಟಿದ ಮೊದಲ ಗ್ಲೈಡರ್ ಅದು. ಹಿಂದಿನ ವರ್ಷವಷ್ಟೇ ಅದೇ ತಂಡದ ಇನ್ನೊಂದು ಗ್ಲೈಡರ್ ಅಜೋರ್ಸ್ ಬಳಿ ಕಳೆದುಹೋಗಿತ್ತು. ಎದೆಗುಂದದೆ ಮತ್ತೊಂದನ್ನು ನೀರಿಗಿಳಿಸಿದ ಛಲ ದೊಡ್ಡದು. ದೀರ್ಘಯಾನದಲ್ಲಿ ಮೈಗೆ ಅಂಟುವ ಕಡಲಚಿಪ್ಪು ಜೀವಿಗಳೂ ಗ್ಲೈಡರ್‌ಗೆ ಶತ್ರುಗಳೇ. ಅವು ಹೆಚ್ಚಿದಷ್ಟೂ ಓಟ ಕುಂಟುತ್ತದೆ.

ಭಾರತಕ್ಕೆ ಗ್ಲೈಡರ್‌ಗಳ ಮಹತ್ವ ಮಾನ್ಸೂನಿನೊಂದಿಗೆ ಬೆಸೆದಿದೆ. 2016ರ ಮಳೆಗಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ‘ಬಾಬಲ್’ ಪ್ರಯೋಗಕ್ಕಾಗಿ ‘ಸಿಂಧು ಸಾಧನಾ’ ಹಡಗಿನೊಂದಿಗೆ ಬಂಗಾಳ ಕೊಲ್ಲಿಯ ದಕ್ಷಿಣ ಭಾಗಕ್ಕೆ ಹೋದರು. ನದಿಗಳ ಸಿಹಿನೀರು ಸೇರಿ ಕೊಲ್ಲಿಯ ಮೇಲ್ಪದರ ಹಗುರವಾಗಿರುತ್ತದೆ. ಮಾನ್ಸೂನ್ ಪ್ರವಾಹ ಹೊತ್ತು ತರುವ ಅರಬ್ಬಿ ಸಮುದ್ರದ ಉಪ್ಪುನೀರು ಅದರಡಿಗೆ ನುಸುಳುತ್ತದೆ. ಈ ಪದರಗಳ ಏರ್ಪಾಡು ಕಡಲಮೈಯ ಬಿಸುಪನ್ನೂ, ಅದರ ಮೂಲಕ ಮಳೆಯನ್ನೂ ಪ್ರಭಾವಿಸುತ್ತದೆ. 8 ಡಿಗ್ರಿ ಉತ್ತರ ಅಕ್ಷಾಂಶದುದ್ದಕ್ಕೂ ಬಿಟ್ಟಿದ್ದ ಗ್ಲೈಡರ್‌ಗಳು, ಹಡಗು ಒಂದೆಡೆ ನಿಂತಿದ್ದಾಗಲೂ, ಬೇರೆ ಬೇರೆ ಜಾಗಗಳಲ್ಲಿ ಆ ಪದರಗಳನ್ನು ಅಳೆಯುತ್ತಲೇ ಇದ್ದವು.